ಚಿಕಿತ್ಸೆಯಲ್ಲಿ ಕಳೆದ ದಿನಗಳು ಶಿಕ್ಷೆಯಿಂದ ಕಳೆಯುತ್ತವೆಯೇ?

ಮಾದಕವಸ್ತು ಪ್ರಕರಣದಲ್ಲಿ ಸಿಲುಕಿ, ನ್ಯಾಯಾಲಯದ ಆದೇಶದಂತೆ ವ್ಯಸನಮುಕ್ತಿ ಚಿಕಿತ್ಸೆಗೆ ಹೋದವರ ವಿಷಯದಲ್ಲಿ ಬಂದ ಪತ್ರಗಳಲ್ಲಿ ಐದನ್ನು ಈ ಬಾರಿ ಆರಿಸಿಕೊಂಡಿದ್ದೇನೆ. ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ಇರುವುದರಿಂದ ಒಟ್ಟಿಗೆ ಉತ್ತರಿಸುವುದು ಒಳ್ಳೆಯದೆನ್ನಿಸಿತು. ಬರೆದವರ ಹೆಸರು, ಊರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಅವನ ಬಳಿ 60 ಗ್ರಾಂ ಗಾಂಜಾ ಸಿಕ್ಕಿತೆಂದೂ ಅವನು ಸೇವನೆ ಮಾಡಿದ್ದನೆಂದೂ ಕೇಸು ಹಾಕಿದರು. 19 ದಿನ ಜೈಲಿನಲ್ಲಿದ್ದ. ವ್ಯಸನಮುಕ್ತಿ ಕೇಂದ್ರಕ್ಕೆ ಸೇರಬೇಕೆಂಬ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ 94 ದಿನ ಇದ್ದು ಚಿಕಿತ್ಸೆ ಮುಗಿಸಿಕೊಂಡು ಬಂದಿದ್ದಾನೆ. ಅಲ್ಲಿ ಹೊರಗೆ ಬಿಡುತ್ತಿರಲಿಲ್ಲ, ಫೋನು ಕೊಡುತ್ತಿರಲಿಲ್ಲ, ನಮಗೂ ವಾರಕ್ಕೊಮ್ಮೆ ಮಾತ್ರ ಭೇಟಿ. ಈಗ ತಪ್ಪೊಪ್ಪಿಕೊಂಡರೆ ಕೇಸು ಬೇಗ ಮುಗಿಯುತ್ತದೆ ಎನ್ನುತ್ತಿದ್ದಾರೆ. ಶಿಕ್ಷೆಯಾದರೆ ಆ 94 ದಿನಗಳನ್ನು ಕಳೆಯುತ್ತಾರೆಯೇ?

ಉತ್ತರ: ಹತ್ತೊಂಬತ್ತು ದಿನ ಕಳೆಯುತ್ತದೆ, ತೊಂಬತ್ತನಾಲ್ಕು ದಿನ ಕಳೆಯುವುದಿಲ್ಲ. ಈ ಉತ್ತರ ನಿಮಗೆ ಅನ್ಯಾಯವೆನ್ನಿಸುತ್ತದೆಂದು ನನಗೆ ಗೊತ್ತು. ಆದರೆ ನಿಮ್ಮ ಮಗನ ವಿಷಯದಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ ಇದಲ್ಲ. ಹಾಗಾಗಿ ಉತ್ತರವನ್ನು ದಯವಿಟ್ಟು ಕೊನೆಯವರೆಗೆ ಓದಿ.

ತೀರ್ಪಿಗೆ ಮೊದಲು ಬಂಧನದಲ್ಲಿ ಕಳೆದ ಅವಧಿಯನ್ನು ಶಿಕ್ಷೆಯಿಂದ ಕಳೆಯಬೇಕೆಂಬ ನಿಯಮ 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468ನೇ ಕಲಮಾಗಿದೆ. ನ್ಯಾಯಾಲಯಗಳಲ್ಲಿ ಇದನ್ನು ‘ಸೆಟ್ ಆಫ್’ ಎಂದೇ ಕರೆಯುವುದು ರೂಢಿ. ಅದೇ ಪ್ರಕರಣದ ತನಿಖೆ ಅಥವಾ ವಿಚಾರಣೆಯ ಕಾಲದಲ್ಲಿ, ಅಪರಾಧಿ ಎಂದು ತೀರ್ಮಾನವಾಗುವ ದಿನಕ್ಕಿಂತ ಮೊದಲು, ಆಪಾದಿತ ಅನುಭವಿಸಿದ ಬಂಧನವನ್ನು ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜಾಮೀನು ಎಂದರೆ ಬಿಡುಗಡೆ. ಆ ಬಿಡುಗಡೆಗೆ ಎಷ್ಟೇ ಬಿಗಿಯಾದ ಷರತ್ತು ಇರಲಿ, ನಿಮ್ಮ ಮಗ ಮಲಗಿದ ಕೋಣೆಯ ಬಾಗಿಲಿಗೆ ಹೊರಗಿನಿಂದಲೇ ಚಿಲಕ ಹಾಕಿರಲಿ, ಕಾನೂನಿನ ಕಣ್ಣಿಗೆ ಆತ ಆ ದಿನಗಳಲ್ಲಿ ಬಿಡುಗಡೆಯಾದ ವ್ಯಕ್ತಿ. ಕೇಂದ್ರ ಬಿಟ್ಟು ಹೋಗಿದ್ದರೆ ಜಾಮೀನು ರದ್ದಾಗುತ್ತಿತ್ತೇ ಹೊರತು, ಬಂಧನದಿಂದ ತಪ್ಪಿಸಿಕೊಂಡ ಅಪರಾಧ ಆಗುತ್ತಿರಲಿಲ್ಲ ಎಂಬುದನ್ನು ಗಮನಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ಗೋಡೆ, ಬೀಗಗಳಿಗಿಂತ ಆದೇಶದ ಸ್ವರೂಪವೇ ಮುಖ್ಯ ಎಂಬುದಕ್ಕೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ನೆರವಾಗುತ್ತದೆ. ಗೌತಮ್ ನವಲಖಾ ಪ್ರಕರಣದಲ್ಲಿ, 2021ರ ಮೇ 12ರಂದು, ಸೂಕ್ತ ಸಂದರ್ಭದಲ್ಲಿ ಗೃಹಬಂಧನವೂ ನ್ಯಾಯಾಲಯ ಒಪ್ಪಿಸುವ ಬಂಧನದ ಒಂದು ರೂಪವಾಗಬಹುದೆಂದು ನ್ಯಾಯಾಲಯ ಹೇಳಿತು. ಆದರೆ ಅವರು ಗೃಹಬಂಧನದಲ್ಲಿ ಕಳೆದ 34 ದಿನಗಳನ್ನು ಕಡ್ಡಾಯ ಜಾಮೀನಿನ (ನಿಗದಿತ ಅವಧಿಯೊಳಗೆ ತನಿಖೆ ಮುಗಿಯದಿದ್ದರೆ ಕೊಡಲೇಬೇಕಾದ ಜಾಮೀನು) ಲೆಕ್ಕಕ್ಕೆ ಸೇರಿಸಲು ಒಪ್ಪಲಿಲ್ಲ, ಏಕೆಂದರೆ ಆ ಗೃಹಬಂಧನ, ತನಿಖೆಯ ಕಾಲದಲ್ಲಿ ಆಪಾದಿತನನ್ನು ಬಂಧನಕ್ಕೆ ಒಪ್ಪಿಸುವ, ದಂಡ ಪ್ರಕ್ರಿಯಾ ಸಂಹಿತೆಯ 167ನೇ ಕಲಮಿನ ಆದೇಶದಿಂದ ಬಂದದ್ದಾಗಿರಲಿಲ್ಲ. ಅದು ಸೆಟ್ ಆಫ್ ಕುರಿತ ತೀರ್ಪಲ್ಲ, ನಿಜ. ಆದರೂ ನ್ಯಾಯಾಲಯ ಯಾವ ದಿಕ್ಕಿನಿಂದ ಯೋಚಿಸುತ್ತದೆ ಎಂಬುದನ್ನು ಅದು ತೋರಿಸುತ್ತದೆ.

ಈಗ ಕೇಳಬೇಕಾದ ಪ್ರಶ್ನೆಗೆ ಬರುತ್ತೇನೆ. ನಮ್ಮ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ಚಿಕಿತ್ಸೆಯನ್ನು ಶಿಕ್ಷೆಯಿಂದ ಕಳೆಯುವ ದಿನಗಳಾಗಿ ಎಣಿಸುವುದಿಲ್ಲ. ಶಿಕ್ಷೆಯ ಬದಲಿಗೇ ಚಿಕಿತ್ಸೆಯನ್ನು ಇಡುತ್ತದೆ. 94 ದಿನ ಕಳೆಯಿರಿ ಎಂದು ಬೇಡುವುದಕ್ಕಿಂತ ಇದು ಬಹಳ ದೊಡ್ಡ ಅವಕಾಶ. ತಪ್ಪೊಪ್ಪಿಗೆಯ ಅವಸರದಲ್ಲಿ ನೀವು ಅದನ್ನೇ ಕೈಬಿಡುವ ಅಪಾಯದಲ್ಲಿದ್ದೀರಿ.

ಗಾಂಜಾದಲ್ಲಿ 1000 ಗ್ರಾಂವರೆಗೆ ‘ಅಲ್ಪ ಪ್ರಮಾಣ’. 60 ಗ್ರಾಂ ಅದರೊಳಗೇ ಬರುತ್ತದೆ. ಸೇವನೆಯ ಆರೋಪವಿರುವ ಅಥವಾ ಅಲ್ಪ ಪ್ರಮಾಣದ ಪ್ರಕರಣ ಎದುರಿಸುತ್ತಿರುವ ವ್ಯಸನಿ, ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯ ಸಂಸ್ಥೆಯಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಬಯಸಿ, ಅದನ್ನು ಪಡೆದರೆ, ಆ ಅಪರಾಧಕ್ಕಾಗಿ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎಂದು ಕಾಯ್ದೆಯ 64ಎ ಕಲಂ ಹೇಳುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ರಕ್ಷಣೆಯನ್ನು ಹಿಂತೆಗೆದುಕೊಳ್ಳಬಹುದು. ನಿಮ್ಮ ಮಗ ಪೂರ್ಣಗೊಳಿಸಿದ್ದಾನೆ. ಜಾಮೀನಿನ ಷರತ್ತಿನಂತೆ ಹೋದದ್ದು ಸ್ವಇಚ್ಛೆ ಹೇಗಾಗುತ್ತದೆ ಎಂದು ಸರ್ಕಾರಿ ಅಭಿಯೋಜಕರು ಆಕ್ಷೇಪಿಸಬಹುದು. ಜಾಮೀನು ಅರ್ಜಿಯಲ್ಲೇ ಆತ ಚಿಕಿತ್ಸೆಗೆ ಸಿದ್ಧನೆಂದು ಬರೆದಿದ್ದರೆ, ಕೇಂದ್ರದ ದಾಖಲಾತಿ ಪತ್ರಕ್ಕೆ ಅವನೇ ಸಹಿ ಹಾಕಿದ್ದರೆ, ಆ ಆಕ್ಷೇಪಕ್ಕೆ ಗಟ್ಟಿಯಾದ ಉತ್ತರವಿದೆ. ತಪ್ಪೊಪ್ಪಿಕೊಳ್ಳುವ ಮೊದಲೇ 64ಎ ಅಡಿ ಅರ್ಜಿ ಹಾಕುವಂತೆ ವಕೀಲರನ್ನು ಕೇಳಿ. ಇದು ಸಫಲವಾದರೆ ಅಪರಾಧಿ ಎಂಬ ದಾಖಲೆಯೇ ಉಳಿಯುವುದಿಲ್ಲ. ಇಪ್ಪತ್ತೆರಡರ ಹುಡುಗನಿಗೆ ಮುಂದೆ ಕೆಲಸ ಹುಡುಕುವಾಗ ಇದರ ಬೆಲೆ ಎಷ್ಟೆಂದು ನಾನು ಹೇಳಬೇಕಾಗಿಲ್ಲ.

ಅದು ಕೈಗೂಡದೆ ತಪ್ಪಿತಸ್ಥನೆಂದು ತೀರ್ಮಾನವಾದರೆ 39ನೇ ಕಲಂ ಇದೆ. ಅದರಡಿ ನ್ಯಾಯಾಲಯ ಕೂಡಲೇ ಸೆರೆವಾಸ ವಿಧಿಸುವ ಬದಲು, ಅಪರಾಧಿಯ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು ಅವನನ್ನು ಚಿಕಿತ್ಸೆಗೆ ಬಿಡುಗಡೆ ಮಾಡಬಹುದು. ಗರಿಷ್ಠ ಒಂದು ವರ್ಷದೊಳಗೆ ಚಿಕಿತ್ಸೆಯ ಫಲಿತಾಂಶದ ವರದಿ ಬರಬೇಕು. ವರದಿ ತೃಪ್ತಿಕರವಾಗಿದ್ದರೆ ಎಚ್ಚರಿಕೆ ಹೇಳಿ, ಮೂರು ವರ್ಷ ಮೀರದ ಅವಧಿಗೆ ಮತ್ತೊಂದು ಮುಚ್ಚಳಿಕೆ ಪಡೆದು ಬಿಡಬಹುದು. ಚಿಕಿತ್ಸೆ ಈಗಾಗಲೇ ಮುಗಿದಿದ್ದರೂ ಮುಂದುವರಿದ ಆಪ್ತಸಮಾಲೋಚನೆ ಹಾಗೂ ತಪಾಸಣೆಗಾಗಿ ಇದನ್ನು ಕೋರಬಹುದೆಂಬುದು ನನ್ನ ಅಭಿಪ್ರಾಯ.

ಇವೆರಡೂ ಆಗದಿದ್ದರೂ ದಾರಿ ಮುಚ್ಚುವುದಿಲ್ಲ. ಗಾಂಜಾ ಸೇವನೆಗೆ ಗರಿಷ್ಠ ಆರು ತಿಂಗಳ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಪ ಪ್ರಮಾಣದ ಗಾಂಜಾ ಇಟ್ಟುಕೊಂಡದ್ದಕ್ಕೆ ಗರಿಷ್ಠ ಒಂದು ವರ್ಷ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡಕ್ಕೂ ಕನಿಷ್ಠ ಶಿಕ್ಷೆಯೆಂಬುದಿಲ್ಲ. ಆದ್ದರಿಂದ ‘ಈಗಾಗಲೇ ಅನುಭವಿಸಿದ ಅವಧಿ’ಯನ್ನೇ ಶಿಕ್ಷೆಯಾಗಿ ವಿಧಿಸಿ, ಅಂದರೆ ಆ 19 ದಿನಗಳಿಗೇ ಸೀಮಿತಗೊಳಿಸಿ, ಎಂದು ಕೋರಬಹುದು. ಆ 94 ದಿನಗಳು ನೆರವಿಗೆ ಬರುವುದು ಇಲ್ಲಿ. ಅವು ಲೆಕ್ಕದಲ್ಲಿ ಕಳೆಯುವುದಿಲ್ಲ, ಆದರೆ ನ್ಯಾಯಾಧೀಶರ ಮನಸ್ಸಿನಲ್ಲಿ ತೂಗುತ್ತವೆ. ಕೇಂದ್ರಕ್ಕೆ ಸೇರಿದ ಮತ್ತು ಬಿಡುಗಡೆಯಾದ ದಿನಾಂಕದ ಪತ್ರ, ಮೂತ್ರ ಪರೀಕ್ಷೆಯ ವರದಿಗಳು, ವೈದ್ಯರ ಅಭಿಪ್ರಾಯ, ಜಾಮೀನು ಆದೇಶದ ದೃಢೀಕೃತ ನಕಲು, ಇವಿಷ್ಟನ್ನೂ ಶಿಕ್ಷೆಯ ಪ್ರಮಾಣದ ಬಗ್ಗೆ ವಾದ ನಡೆಯುವ ದಿನಕ್ಕೆ ಮೊದಲೇ ವಕೀಲರ ಕೈಯಲ್ಲಿಡಿ.

ಪ್ರಶ್ನೆ: ನನ್ನ ಅಣ್ಣನ ಬಳಿ 2 ಕಿಲೋ ಗಾಂಜಾ ಸಿಕ್ಕಿ 3 ವರ್ಷ ಶಿಕ್ಷೆಯಾಗಿದೆ. ತೀರ್ಪಿಗೆ ಮೊದಲು ಜೈಲಿನಲ್ಲಿದ್ದಾಗ ತೀವ್ರ ಅಸ್ವಸ್ಥನಾಗಿ 38 ದಿನ ಸರ್ಕಾರಿ ಆಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿದ್ದ. ಆಮೇಲೆ ವ್ಯಸನಮುಕ್ತಿ ಚಿಕಿತ್ಸೆಗೆಂದು 60 ದಿನ ಮಧ್ಯಂತರ ಜಾಮೀನು ಕೊಟ್ಟರು, ಮುಗಿದ ಮೇಲೆ ತಾನಾಗಿ ಹೋಗಿ ಶರಣಾದ. ಜೈಲಿನ ಲೆಕ್ಕದಲ್ಲಿ ಈ ಎರಡೂ ಅವಧಿಗಳಿಲ್ಲ. ಕೇಳಿದರೆ ‘ಎನ್‌ಡಿಪಿಎಸ್‌ನಲ್ಲಿ ಮಾಫಿ ಇಲ್ಲ’ ಎಂದರು.

ಉತ್ತರ: 38 ದಿನಗಳನ್ನು ಕಳೆಯಲೇಬೇಕು. ವಿಚಾರಣಾಧೀನ ಕೈದಿಯನ್ನು ಕಾವಲಿನಲ್ಲಿ ಆಸ್ಪತ್ರೆಗೆ ಕಳುಹಿಸಿದರೆ ನ್ಯಾಯಾಂಗ ಬಂಧನ ನಿಲ್ಲುವುದಿಲ್ಲ. ಬದಲಾಗುವುದು ಅವನು ಮಲಗುವ ಜಾಗ ಮಾತ್ರ. 60 ದಿನಗಳನ್ನು ಮೊದಲ ಪತ್ರಕ್ಕೆ ಹೇಳಿದ ಕಾರಣಕ್ಕಾಗಿಯೇ ಕಳೆಯುವುದಿಲ್ಲ, ಏಕೆಂದರೆ ಆಗ ಅವರು ಜಾಮೀನಿನ ಮೇಲಿದ್ದರು. ಒಂದೇ ಕಾಯಿಲೆ, ಒಂದೇ ಬಗೆಯ ಔಷಧ, ಆದರೂ ಆದೇಶದ ಒಂದು ಪದ ಬೇರೆಯಾದ್ದರಿಂದ ಲೆಕ್ಕ ಬೇರೆಯಾಯಿತು. ಚಿಕಿತ್ಸೆ ಬೇಕಾದ ವಿಚಾರಣಾಧೀನ ಕೈದಿಗಳ ಮನೆಯವರಿಗೆ ಈ ವಿಷಯವನ್ನು ಮೊದಲೇ ವಿವರಿಸುವವರು ತೀರ ಕಡಿಮೆ ಎಂಬುದು ನನಗೆ ನೋವಿನ ಸಂಗತಿ. ಹೆಚ್ಚು ವರ್ಷಗಳ ಶಿಕ್ಷೆಯಾಗಬಹುದಾದ ಪ್ರಕರಣಗಳಲ್ಲಿ, ಮಧ್ಯಂತರ ಜಾಮೀನು ಕೇಳುವುದೋ, ಬಂಧನದಲ್ಲಿರುವಂತೆಯೇ ಸರ್ಕಾರಿ ಆಸ್ಪತ್ರೆಗೆ ಸ್ಥಳಾಂತರ ಕೇಳುವುದೋ ಎಂಬುದನ್ನು ಕುಟುಂಬದವರು ತಿಳಿದು ಆಯ್ದುಕೊಳ್ಳಬೇಕು.

ಜೈಲಿನವರ ಉತ್ತರ ತಪ್ಪು. ಕಾಯ್ದೆಯ 32ಎ ಕಲಂ, 27ನೇ ಕಲಮಿನ, ಅಂದರೆ ಸೇವನೆಯ ಅಪರಾಧದ, ಶಿಕ್ಷೆಯೊಂದನ್ನು ಬಿಟ್ಟು ಉಳಿದ ಶಿಕ್ಷೆಗಳಿಗೆ ಮಾಫಿಯನ್ನು ನಿಷೇಧಿಸುತ್ತದೆ. ಮೇಲ್ಮನವಿಯ ಕಾಲದಲ್ಲಿ ಶಿಕ್ಷೆಯನ್ನು ಅಮಾನತಿನಲ್ಲಿಡುವ ನ್ಯಾಯಾಲಯದ ಅಧಿಕಾರವನ್ನು ಕಸಿಯುವಷ್ಟರ ಮಟ್ಟಿಗೆ ಈ ಕಲಂ ಸಂವಿಧಾನಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟ್ 2000ದಲ್ಲಿ ದಾದು ಪ್ರಕರಣದಲ್ಲಿ ಹೇಳಿತು. ಮಾಫಿಯ ಮೇಲಿನ ನಿಷೇಧವನ್ನು ಉಳಿಸಿತು. ಆದರೆ ಮಾಫಿ ಬೇರೆ, ಸೆಟ್ ಆಫ್ ಬೇರೆ. ವಿಧಿಸಿದ ಶಿಕ್ಷೆಯಲ್ಲಿ ಸರ್ಕಾರ ತೋರಿಸುವ ರಿಯಾಯಿತಿ ಮಾಫಿ. ಆಗಲೇ ಅನುಭವಿಸಿದ ಬಂಧನವನ್ನು ಎರಡನೆಯ ಬಾರಿ ಅನುಭವಿಸದಂತೆ ನೋಡಿಕೊಳ್ಳುವುದು ಸೆಟ್ ಆಫ್. ಅದು ದಯೆಯಲ್ಲ, ಹಕ್ಕು. ಆಸ್ಪತ್ರೆಯ ದಾಖಲೆಗಳನ್ನೂ ಆ ಅವಧಿಯ ರಿಮಾಂಡ್ ಆದೇಶಗಳ ನಕಲುಗಳನ್ನೂ ಲಗತ್ತಿಸಿ ಜೈಲು ಅಧೀಕ್ಷಕರಿಗೆ ಲಿಖಿತ ಮನವಿ ಕೊಡಿ. ಸಜಾ ವಾರಂಟಿನಲ್ಲೇ ಅವಧಿ ತಪ್ಪಾಗಿ ನಮೂದಾಗಿದ್ದರೆ ಶಿಕ್ಷೆ ವಿಧಿಸಿದ ನ್ಯಾಯಾಲಯದಲ್ಲಿ ತಿದ್ದುಪಡಿಗೆ ಅರ್ಜಿ ಹಾಕಿ. ದಂಡ ಕಟ್ಟದಿದ್ದಕ್ಕಾಗಿ ಅನುಭವಿಸುವ ಸೆರೆವಾಸಕ್ಕೆ ಸೆಟ್ ಆಫ್ ಅನ್ವಯಿಸುವುದಿಲ್ಲವಾದ್ದರಿಂದ, ದಂಡದ ಹಣವನ್ನು ಹೇಗಾದರೂ ಹೊಂದಿಸಿ ಕಟ್ಟುವುದು ಲೇಸು.

ಪ್ರಶ್ನೆ: ಕೇಸು ದಾಖಲಾದ ಮೇಲೆ ನಾವೇ ಹಣ ಕೊಟ್ಟು ತಮ್ಮನನ್ನು ಖಾಸಗಿ ಕೇಂದ್ರವೊಂದಕ್ಕೆ ಬಲವಂತವಾಗಿ ಸೇರಿಸಿದೆವು. ಆ ನಾಲ್ಕು ತಿಂಗಳು ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಬರುವುದಿಲ್ಲ. ಅಲ್ಲಿ ನ್ಯಾಯಾಲಯದ ಬಂಧನವೂ ಇಲ್ಲ, ಅವರ ಒಪ್ಪಿಗೆಯೂ ಇಲ್ಲ. 39 ಮತ್ತು 64ಎ ಎರಡೂ ಕಲಮುಗಳು ಸರ್ಕಾರ ನಡೆಸುವ ಅಥವಾ ಮಾನ್ಯ ಮಾಡಿದ ಸಂಸ್ಥೆಯನ್ನೇ ಕೇಳುತ್ತವೆ. ವಯಸ್ಕನ ಪರವಾಗಿ ಮನೆಯವರು ಒಪ್ಪಿಗೆ ಕೊಡಲಾಗದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತು ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ತನ್ನ ವ್ಯಾಪ್ತಿಗೆ ತಂದಿದೆ. ಇಚ್ಛೆಗೆ ವಿರುದ್ಧವಾಗಿ ದಾಖಲಿಸಿಕೊಳ್ಳಲು ಅದು ವಿಧಿಸಿದ ಪರೀಕ್ಷೆ ಮತ್ತು ಕಾಲಮಿತಿಗಳನ್ನು ಬಿಟ್ಟು ಯಾರನ್ನೂ ಕೂಡಿಹಾಕುವಂತಿಲ್ಲ. ಮಾನ್ಯತೆ ಇರುವ ಕೇಂದ್ರಗಳ ಮಾಹಿತಿ 14446 ಸಂಖ್ಯೆಯ ಉಚಿತ ಸಹಾಯವಾಣಿಯಲ್ಲಿ ಸಿಗುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಚಿಕಿತ್ಸಾ ಕೇಂದ್ರದಲ್ಲಿದ್ದ ದಿನಗಳನ್ನೂ ಶಿಕ್ಷೆಯಿಂದ ಕಳೆಯುತ್ತಾರೆಂದು ಓದಿದ್ದೇನೆ. ನಿಜವೇ? ನಮ್ಮಲ್ಲಿ ಏಕಿಲ್ಲ?

ಉತ್ತರ: ಅಲ್ಲಿ ಎಲ್ಲೆಡೆ ಒಂದೇ ನಿಯಮವಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ದಂಡಸಂಹಿತೆಯ 2900.5ನೇ ಕಲಂ, ಬಂಧನದಲ್ಲಿ ಕಳೆದ ದಿನಗಳು ಎಂದು ಹೇಳುವಾಗ ಜೈಲಿನ ಜೊತೆಗೆ ಆಸ್ಪತ್ರೆ, ಪುನರ್ವಸತಿ ಕೇಂದ್ರ ಮತ್ತು ಅಂತಹ ವಸತಿ ಸಂಸ್ಥೆಗಳನ್ನೂ ಹೆಸರಿಸುತ್ತದೆ. ನ್ಯಾಯಾಲಯ ಪ್ರೊಬೇಷನ್ (ಜೈಲಿಗೆ ಕಳುಹಿಸದೆ ಮೇಲ್ವಿಚಾರಣೆಯಲ್ಲಿ ಬಿಡುವುದು) ಷರತ್ತಾಗಿ ವಸತಿ ಚಿಕಿತ್ಸೆಗೆ ಕಳುಹಿಸಿ, ಅಲ್ಲಿನ ಕಟ್ಟುಪಾಡು ಬಂಧನಕ್ಕೆ ಸಮನಾಗಿದ್ದರೆ, ಆ ದಿನಗಳು ಲೆಕ್ಕಕ್ಕೆ ಬರುತ್ತವೆ. ಮನೆಯಿಂದ ದಿನವೂ ಹೋಗಿ ಬರುವ ಚಿಕಿತ್ಸೆ ಬರುವುದಿಲ್ಲ. ಆದರೆ ಅಲ್ಲಿಯೂ ಒಂದು ಕಹಿ ಸಂಗತಿಯಿದೆ: ಚಿಕಿತ್ಸೆಗೆ ಕಳುಹಿಸುವ ಮೊದಲು ‘ಈ ದಿನಗಳನ್ನು ನಾನು ಕೇಳುವುದಿಲ್ಲ’ ಎಂದು ಆಪಾದಿತನಿಂದ ಹಕ್ಕು ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಅವಕಾಶವಿದೆ. ಜೈಲಿನಿಂದ ಹೊರಬರುವ ಆತುರದಲ್ಲಿರುವವನು ಅದಕ್ಕೆ ಒಪ್ಪಿಬಿಡುತ್ತಾನೆ, ಅದರ ನಷ್ಟ ಚಿಕಿತ್ಸೆ ಮುರಿದುಬಿದ್ದಾಗ ತಿಳಿಯುತ್ತದೆ.

ಅಲ್ಲಿನ ಕೇಂದ್ರ ಸರ್ಕಾರದ ಕಾನೂನು ನಮ್ಮದಕ್ಕೆ ಹತ್ತಿರ. 1995ರ ರೆನೊ ವಿರುದ್ಧ ಕೊರೆ ಪ್ರಕರಣದಲ್ಲಿ, ಜಾಮೀನಿನ ಮೇಲೆ ಬಿಡುಗಡೆಯಾಗಿ ಸಮುದಾಯ ಚಿಕಿತ್ಸಾ ಕೇಂದ್ರದಲ್ಲಿ ಸುಮಾರು 150 ದಿನ ಇದ್ದವನಿಗೆ ಆ ದಿನಗಳನ್ನು ಕಳೆಯಲು ಅಮೆರಿಕದ ಸುಪ್ರೀಂ ಕೋರ್ಟ್ ನಿರಾಕರಿಸಿತು. ಬಿಡುಗಡೆಯ ಆದೇಶದಡಿ ಇದ್ದವನು ಅಧಿಕೃತ ಬಂಧನದಲ್ಲಿದ್ದವನಲ್ಲ ಎಂಬುದೇ ಅದರ ಕಾರಣ. ಆದರೆ ಶಿಕ್ಷೆ ಅನುಭವಿಸುವಾಗ ಜೈಲಿನೊಳಗಿನ ವಸತಿ ಚಿಕಿತ್ಸಾ ಕಾರ್ಯಕ್ರಮವನ್ನು ಯಶಸ್ವಿಯಾಗಿ ಮುಗಿಸಿದ, ಹಿಂಸಾತ್ಮಕವಲ್ಲದ ಅಪರಾಧದ ಕೈದಿಗಳಿಗೆ ಒಂದು ವರ್ಷದವರೆಗೆ ಶಿಕ್ಷೆ ಕಡಿತಗೊಳಿಸುವ ಅವಕಾಶವನ್ನು ಅಲ್ಲಿ 1994ರಲ್ಲಿ ಕಾನೂನಾಗಿ ತಂದರು.

ನಮ್ಮಲ್ಲಿ ಏಕಿಲ್ಲ ಎಂಬುದಕ್ಕೆ, ನಮ್ಮ ಕಾಯ್ದೆ ಚಿಕಿತ್ಸೆ ಯಶಸ್ವಿಯಾದವನನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದೆ ಎಂದು ಹೇಳುತ್ತೇನೆ. ಗೆದ್ದವನಿಗೆ ಅದು ಉದಾರವಾಗಿದೆ, ಶಿಕ್ಷೆಯನ್ನೇ ಬಿಡುತ್ತದೆ. ಅರ್ಧದಲ್ಲಿ ಎಡವಿದವನು ಮುಚ್ಚಿದ ಬಾಗಿಲಿನೊಳಗೆ ಎಷ್ಟು ತಿಂಗಳು ಕಳೆದಿದ್ದರೂ ಆ ಬಗ್ಗೆ ಒಂದು ಮಾತಿಲ್ಲ. ನ್ಯಾಯಾಲಯದ ಆದೇಶದಿಂದ, ಹೊರಹೋಗುವ ಸ್ವಾತಂತ್ರ್ಯವಿಲ್ಲದ ಕೇಂದ್ರದಲ್ಲಿ ಕಳೆದ ದಿನಗಳನ್ನು, ಚಿಕಿತ್ಸೆಯ ಫಲ ಏನೇ ಆಗಿರಲಿ, ಶಿಕ್ಷೆಯಿಂದ ಕಳೆಯಬೇಕೆಂದು 39ನೇ ಕಲಮಿಗೆ ಒಂದು ಉಪಕಲಂ ಸೇರಿಸಿದರೆ ಸಾಕು. ಕಾಯ್ದೆಗೆ 1989, 2001 ಮತ್ತು 2014ರಲ್ಲಿ ದೊಡ್ಡ ತಿದ್ದುಪಡಿಗಳು ಜಾರಿಗೆ ಬಂದಾಗಲೂ ಇದು ಆಗಲಿಲ್ಲ. ಆಗಬೇಕೆಂದು ನಾನು ಬಲವಾಗಿ ನಂಬುತ್ತೇನೆ.

ಪ್ರಶ್ನೆ: ನಾನೇ ಆ ವ್ಯಸನಿ. ಹೆರಾಯಿನ್, ಅಲ್ಪ ಪ್ರಮಾಣ. ಹಿಂದೆ 41 ದಿನ ಜೈಲಿನಲ್ಲಿದ್ದೆ. ಆಮೇಲೆ ತಪ್ಪಿತಸ್ಥನೆಂದು ತೀರ್ಮಾನಿಸಿ, 39ನೇ ಕಲಮಿನಡಿ ಮುಚ್ಚಳಿಕೆ ಬರೆಸಿಕೊಂಡು ಒಂದು ವರ್ಷದೊಳಗೆ ವರದಿ ಕೊಡುವಂತೆ ಚಿಕಿತ್ಸೆಗೆ ಬಿಟ್ಟರು. ಐದು ತಿಂಗಳು ಸರಿಯಾಗಿದ್ದೆ. ಆಮೇಲೆ ಮತ್ತೆ ಬಿದ್ದೆ, ಕೇಂದ್ರ ಬಿಟ್ಟು ಬಂದೆ. ಕೋರ್ಟಿಗೆ ಹೋಗಲು ಭಯ. ಆ ಐದು ತಿಂಗಳು ಕಳೆಯುತ್ತಾರೆಯೇ?

ಉತ್ತರ: ನೀವು ನೇರವಾಗಿ ಬರೆದಿದ್ದೀರಿ, ನಾನೂ ನೇರವಾಗಿ ಹೇಳುತ್ತೇನೆ. ನಿಮಗೆ ಇನ್ನೂ ಶಿಕ್ಷೆ ವಿಧಿಸಿಲ್ಲ. ಅದನ್ನು ತಡೆಹಿಡಿದು ನಿಮ್ಮನ್ನು ಬಿಟ್ಟಿದ್ದಾರೆ. ಮುಂದೆ ಶಿಕ್ಷೆ ವಿಧಿಸಿದರೆ ತೀರ್ಮಾನಕ್ಕೆ ಮೊದಲಿನ 41 ದಿನ ಕಳೆಯುತ್ತದೆ. ಐದು ತಿಂಗಳನ್ನು ಕಳೆಯಬೇಕೆಂದು 39ನೇ ಕಲಂ ಹೇಳುವುದಿಲ್ಲ. ಸೆಟ್ ಆಫ್ ನಿಯಮವೂ ಎರಡು ಕಾರಣಗಳಿಂದ ನಿಮಗೆ ಒದಗುವುದಿಲ್ಲ: ಆ ಅವಧಿ ತೀರ್ಮಾನದ ನಂತರದ್ದು, ಮತ್ತು ನೀವು ಮುಚ್ಚಳಿಕೆಯ ಮೇಲೆ ಬಿಡುಗಡೆಯಾಗಿದ್ದಿರಿ.

ಆದರೆ ಆ ಕಲಂ ಕೇಳುವುದು ಚಿಕಿತ್ಸೆಯ ‘ಫಲಿತಾಂಶದ ವರದಿ’ಯನ್ನು. ಒಮ್ಮೆಯೂ ಎಡವದಿರಬೇಕೆಂದು ಅದು ಬರೆದಿಲ್ಲ. ಮತ್ತೆ ಬೀಳುವುದು ಈ ಕಾಯಿಲೆಯ ತಿಳಿದ ಲಕ್ಷಣ ಎಂಬುದನ್ನು ಯಾವ ವ್ಯಸನ ಚಿಕಿತ್ಸಾ ವೈದ್ಯರೂ ನ್ಯಾಯಾಲಯಕ್ಕೆ ಬರೆದುಕೊಡಬಲ್ಲರು. ವರ್ಷ ತುಂಬಲು ಇನ್ನೂ ಸಮಯವಿದ್ದರೆ, ಮರಳಿ ದಾಖಲಾಗಿ, ವಕೀಲರ ಮೂಲಕ ನೀವೇ ನ್ಯಾಯಾಲಯಕ್ಕೆ ವಿಷಯ ತಿಳಿಸಿ, ಉಳಿದ ಅವಧಿಯನ್ನು ಚಿಕಿತ್ಸೆಯಲ್ಲಿ ಮುಂದುವರಿಸಲು ಅನುಮತಿ ಕೋರಿ. ತಾನಾಗಿ ಬಂದವನನ್ನೂ ವಾರಂಟಿನ ಮೇಲೆ ಹಿಡಿದು ತಂದವನನ್ನೂ ನ್ಯಾಯಾಧೀಶರು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಗೈರುಹಾಜರಾದರೆ ಮುಚ್ಚಳಿಕೆಯ ಹಣ ಮುಟ್ಟುಗೋಲಾಗುತ್ತದೆ, ಜಾಮೀನು ನಿಂತವರೂ ತೊಂದರೆಗೆ ಸಿಲುಕುತ್ತಾರೆ.

ಕಾನೂನಿಗಿಂತ ತುರ್ತಾದ ಒಂದು ಮಾತು. ಐದು ತಿಂಗಳು ಬಿಟ್ಟ ದೇಹಕ್ಕೆ ಹಳೆಯ ತಾಳಿಕೆ ಇರುವುದಿಲ್ಲ. ಹಿಂದೆ ತೆಗೆದುಕೊಳ್ಳುತ್ತಿದ್ದ ಪ್ರಮಾಣವೇ ಈಗ ಉಸಿರು ನಿಲ್ಲಿಸಬಹುದು. ಆದ್ದರಿಂದ ನ್ಯಾಯಾಲಯಕ್ಕಿಂತ ಮೊದಲು ಆಸ್ಪತ್ರೆಗೆ ಹೋಗಿ. ಬ್ಯೂಪ್ರೆನಾರ್ಫಿನ್‌ನಂತಹ ಔಷಧಗಳಿಂದ ಹೆರಾಯಿನ್ ಸೆಳೆತವನ್ನು ದೀರ್ಘಕಾಲ ಹತೋಟಿಯಲ್ಲಿಡುವ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗವಿದೆ. ವೈದ್ಯರು ಔಷಧ ಆರಂಭಿಸಿದ ದಿನಾಂಕದ ಚೀಟಿಯನ್ನು ಜೋಪಾನವಾಗಿಡಿ, ನಿಮ್ಮ ಅರ್ಜಿಗೆ ಲಗತ್ತಿಸುವ ಮೊದಲ ದಾಖಲೆ ಅದೇ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ ಅಥವಾ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ, 39ನೇ ಕಲಮಿನ ಆದೇಶದ ಪ್ರತಿಯನ್ನು ತೋರಿಸಿ.